ಹುಳುಮನೆಯೊಳಗಿನ ಕೆಂಡ

ನಾನು ಮೊದಲಿಂದಲೂ ಅಂಜುಬುರುಕಿ. ಆಂಧ್ರದ ಗಡಿಯಲ್ಲಿರುವ ರೊಳ್ಳದ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಹೊಲದಲ್ಲಿ ಯಾರಿಗೆ ಏನು ಕೇಡಾಗಬಹುದು ಎಂದು ಮೊದಲೇ ಯೋಚಿಸುವ ಕೆಲಸ ತಾನಾಗಿ ನನ್ನ ಪಾಲಿಗೆ ಬಂತು. ಕಡಲೆಕಾಯಿ ಬಿಡಿಸುವ ಮಿಷನ್ನಿನ ಹತ್ತಿರ ಹೋಗುವ ಹೆಂಗಸರ ಸೆರಗನ್ನು ನಾನೇ ಎಳೆದು ಸೊಂಟಕ್ಕೆ ಸಿಕ್ಕಿಸುತ್ತೇನೆ. ಒದ್ದೆ ಕೈಯಲ್ಲಿ ಮೋಟರಿನ ಸ್ಟಾರ್ಟರ್ ಮುಟ್ಟಿದರೆ ಗಂಡನಿಗೂ ಬೈಗುಳ ತಪ್ಪುವುದಿಲ್ಲ. ಔಷಧಿ ಹೊಡೆದವರು ಮೈ ತೊಳೆಯದೆ ಊಟಕ್ಕೆ ಕೂತರೆ ತಟ್ಟೆ ಎತ್ತಿಬಿಡುತ್ತೇನೆ.

"ಇವಳು ಹಗ್ಗ ಕಂಡ್ರೂ ಹಾವು ಅಂತಾಳೆ ಕಣೋ," ಎಂದು ಅತ್ತೆ ಮಗನ ಮುಂದೆ ನಗುತ್ತಿದ್ದರು. ಕೈಕಾಲು ನೆಟ್ಟಗಿಟ್ಟುಕೊಂಡು ಎಷ್ಟಾದರೂ ನಗಲಿ ಎಂದು ನಾನು ನನ್ನ ಕೆಲಸ ನೋಡಿಕೊಳ್ಳುತ್ತಿದ್ದೆ.

ಇಷ್ಟೆಲ್ಲ ಹೆದರುವ ನಾನು ಹೆದರದೇ ಇದ್ದದ್ದು ರೇಷ್ಮೆ ಹುಳುಮನೆಗೆ ಮಾತ್ರ. ಅಲ್ಲಿ ಬ್ಲೇಡಿಲ್ಲ, ಬೆಲ್ಟಿಲ್ಲ, ಇರುವುದು ಸೊಪ್ಪು ಮತ್ತು ಹುಳು. ಅದು ಅತ್ತೆಯ ರಾಜ್ಯ. ಹೊರಗಿನವರು ಒಳಗೆ ಕಾಲಿಡುವ ಹಾಗಿಲ್ಲ. ಮನೆಯವರೂ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನಿಂದ ನೆಂದ ಗೋಣಿತಟ್ಟಿನ ಮೇಲೆ ನಿಂತು ಪಾದ ಒರೆಸಿ, ಪಕ್ಕದ ಬಕೆಟ್ಟಿನಲ್ಲಿ ಕೈ ತೊಳೆದೇ ಹೋಗಬೇಕು. ಹುಳುವಿಗೆ ರೋಗ ತಗುಲಿದರೆ ಇಡೀ ಬೆಳೆ ತಿಪ್ಪೆಗೆ ಹೋಗುತ್ತದೆ. ಮರೆತು ಒಳನುಗ್ಗಿದ ಮಗನನ್ನು ಅತ್ತೆ ಒಮ್ಮೆ ಪೊರಕೆ ಹಿಡಿದು ಅಟ್ಟಿದ್ದನ್ನು ನಾನೇ ಕಂಡಿದ್ದೇನೆ.

ಆ ವರ್ಷ ಸಂಕ್ರಾಂತಿಗೆ ಮುಂಚೆ ಚಳಿ ಜೋರಿತ್ತು. ಹುಳು ಇನ್ನೂ ಸಣ್ಣವು. ಕಾವು ಕಡಿಮೆಯಾದರೆ ಸೊಪ್ಪು ತಿನ್ನದೆ ಮಂಕಾಗುತ್ತವೆ. ಅತ್ತೆ ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಬಿಗಿದರು, ಸಂದುಗಳಿಗೆ ಹಳೇ ಸೀರೆ ತುರುಕಿದರು. ಅಂಗಳದಲ್ಲಿ ಬಾಣಲಿ ತುಂಬ ಇದ್ದಿಲು ಹೊತ್ತಿಸಿ, ಹೊಗೆ ಪೂರಾ ಕಳೆದು ಕೆಂಡ ನಿಗಿನಿಗಿ ಎನ್ನುವಾಗ ಒಳಗೆ ಒಯ್ದು ಇಡುತ್ತಿದ್ದರು. ಹೊಗೆ ಹುಳುವಿಗೆ ಆಗುವುದಿಲ್ಲ. ಹುಳುವಿಗೇ ಆಗುವ ಕೆಂಡ ಮನುಷ್ಯರಿಗೆ ಏನು ಮಾಡೀತು ಎಂದು ನಾವೆಲ್ಲ ನಂಬಿದ್ದೆವು.

ಒಂದು ದಿನ ಒಳಗೆ ಸೊಪ್ಪು ಹಾಕುತ್ತಿದ್ದಾಗ ನನಗೆ ತಲೆ ಸಿಡಿಯತೊಡಗಿತು. ಹೇಳಿದೆ.

"ಹೊಗೆ ಎಲ್ಲೈತೆ? ಹೊಟ್ಟೇಗೆ ಏನೂ ಇಲ್ದೆ ಬಂದಿದ್ದೀಯ, ಅದ್ಕೆ. ಹೋಗಿ ಮುದ್ದೆ ಉಣ್ಣೋಗು," ಎಂದರು ಅತ್ತೆ.

ಹೊರಗೆ ಬಂದು ಕೂತು ಉಂಡೆ. ನೋವು ಇಳಿಯಿತು. ಮುದ್ದೆಯಿಂದಲೇ ಇಳಿಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಗಂಡ ಮಡಕಶಿರಾಕ್ಕೆ ಹೋಗಿದ್ದರು. ಅತ್ತೆ ಹುಳುಮನೆಯಲ್ಲಿದ್ದರು. ನಾನು ಸೊಪ್ಪಿನ ಹೊರೆ ತಂದು ಬಾಗಿಲಲ್ಲಿ ಇಳಿಸಿ, "ಅತ್ತೆಮ್ಮ, ಸೊಪ್ಪು ತಂದೀನಿ," ಎಂದೆ. "ಕಾಲು ಒರೆಸ್ಕ" ಎಂಬ ಮಾತು ಬರಲಿಲ್ಲ. ಮತ್ತೆ ಕರೆದೆ. ನನ್ನ ಸದ್ದು ಕೇಳಿದರೆ ಸಾಕು, ಆ ಮಾತು ಹೇಳದೆ ಅತ್ತೆ ಒಂದು ದಿನವೂ ಇದ್ದವರಲ್ಲ.

ಬಾಗಿಲು ನೂಕಿದೆ. ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಕತ್ತು ಒಂದು ಪಕ್ಕಕ್ಕೆ ವಾಲಿತ್ತು, ಮಡಿಲಲ್ಲಿ ಸೊಪ್ಪು ಹಾಗೇ ಇತ್ತು. ಹಗಲಲ್ಲಿ ಕಣ್ಣು ಮುಚ್ಚುವ ಹೆಂಗಸಲ್ಲ ಅದು. ಅಲ್ಲಾಡಿಸಿದರೆ ತಲೆ ಇನ್ನೊಂದು ಪಕ್ಕಕ್ಕೆ ಬಿತ್ತು. ಕಂಕುಳಿಗೆ ಕೈ ಹಾಕಿ ಎಳೆದೆ. ಅಂಗಳಕ್ಕೆ ತಂದು ಮಲಗಿಸಿ ಮೂಗಿನ ಹತ್ತಿರ ಬೆರಳಿಟ್ಟರೆ ಉಸಿರಿದೆಯೋ ಇಲ್ಲವೋ ತಿಳಿಯಲಿಲ್ಲ. ನಾನು ಹಾಗೆ ಯಾವತ್ತೂ ಹೆದರಿರಲಿಲ್ಲ. ದಾರಿಯಲ್ಲಿ ಹೋಗುವವರಿಗೆ ಕೇಳಲಿ ಎಂದು ಕೂಗಿಕೊಳ್ಳುತ್ತ ಅವರ ಅಂಗಾಲು ಉಜ್ಜಿದೆ.

ಬಹಳ ಹೊತ್ತಿನ ಮೇಲೆ ಅತ್ತೆ ಕೆಮ್ಮಿದರು, ವಾಂತಿ ಮಾಡಿದರು. ಕಣ್ಣು ಬಿಟ್ಟು ಹಾರುಹೊಡೆದಿದ್ದ ಹುಳುಮನೆಯ ಬಾಗಿಲು ನೋಡಿದರು.

"ಕೈಕಾಲು ತೊಳ್ಕಂಡು ಒಳಕ್ಕೋದ್ಯಾ?"

"ತೊಳ್ಕಂಡೆ ಅತ್ತೆಮ್ಮ," ಎಂದೆ, ಅವರ ಸಮಾಧಾನಕ್ಕೆ.

ಕೂಗು ಕೇಳಿ ಬಂದವರು ಕರೆಸಿದ ಆಟೋದಲ್ಲಿ ಮಡಕಶಿರಾದ ಆಸ್ಪತ್ರೆಗೆ ಹೋಗುವಾಗ ಅವರ ತಲೆ ನನ್ನ ತೊಡೆಯ ಮೇಲಿತ್ತು. ಕಣ್ಣೀರು ಒರೆಸಿಕೊಳ್ಳಲು ಕೈ ಮುಖಕ್ಕೆ ತಂದೆ. ಎರಡೂ ಅಂಗೈ ಬ್ಲೀಚಿಂಗ್ ಪೌಡರಿನ ವಾಸನೆ ಹೊಡೆಯುತ್ತಿತ್ತು. ಒಳಗೆ ಅತ್ತೆ ಸಾಯುತ್ತಿದ್ದಾಗ ನಾನು ಬಾಗಿಲಲ್ಲಿ ನಿಂತು ಕೈ ತೊಳೆದಿದ್ದೆ. ತೊಳೆದದ್ದು ನನಗೆ ನೆನಪೇ ಇಲ್ಲ.

ಡಾಕ್ಟರು ಅತ್ತೆಗೆ ಆಕ್ಸಿಜನ್ ಹಾಕಿಸಿ, ಮುಚ್ಚಿದ ಮನೆಯಲ್ಲಿ ಕೆಂಡದಿಂದ ವಿಷಗಾಳಿ ಏಳುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ತೆಲುಗಿನಲ್ಲಿ ಬಿಡಿಸಿ ಹೇಳಿದರು. ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುವವರು ನಾವು. ಹೊಗೆಯಾಡದ ಬೆಂಕಿಗೆ ಹೆದರಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ.

ಈಗ ಕೆಂಡ ಒಳಗೆ ಹೋಗುವುದಿಲ್ಲ. ಕರೆಂಟಿದ್ದಾಗ ಹೀಟರ್ ಹಾಕುತ್ತೇವೆ, ಇಲ್ಲದಾಗ ಹುಳು ಚಳಿ ತಡೆದುಕೊಳ್ಳುತ್ತವೆ. ಆದರೂ ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗಿನಿಂದ ಆಗಾಗ ಕರೆಯಬೇಕು, ಒಳಗಿದ್ದವರು "ಇದ್ದೀನಿ" ಎನ್ನಬೇಕು ಎಂದು ಕಟ್ಟು ಮಾಡಿದ್ದೇನೆ. ಅತ್ತೆ ಇದಕ್ಕೂ ನಗುತ್ತಾರೆ ಎಂದುಕೊಂಡಿದ್ದೆ.

ಮೊನ್ನೆ ನಾನು ಒಳಗಿದ್ದೆ. ಅತ್ತೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದರು. "ಇದ್ದೀಯೇನಮ್ಮಿ?" ಎಂದು ಕರೆದದ್ದು ಕೇಳಿಸಿತು. ಬಾಯಲ್ಲಿ ಎಲೆ ಅಡಿಕೆ ಇತ್ತು, ಉಗಿದು ಬಂದು ಹೇಳೋಣ ಎಂದು ತಡಮಾಡಿದೆ. ಬಾಗಿಲು ಧಡಾರನೆ ತೆರೆಯಿತು. ಅತ್ತೆ ಗೋಣಿತಟ್ಟು ದಾಟಿ ನೇರ ನನ್ನ ಹತ್ತಿರ ಬಂದು ಎರಡೂ ಕೈಯಲ್ಲಿ ನನ್ನ ಮುಖ ಹಿಡಿದರು. ಕೈಯೆಲ್ಲ ಸಗಣಿ.

"ಇದ್ದೀನಿ ಅನ್ನಕ್ಕೆ ಏನ್ ಕಷ್ಟ ನಿಂಗೆ?" ಎಂದರು.

ಅವರು ಹೋದ ಮೇಲೆ ನೋಡಿದೆ. ಬಾಗಿಲಿನಿಂದ ನಾನು ನಿಂತಲ್ಲಿಯವರೆಗೆ ಸಗಣಿಯ ಹೆಜ್ಜೆ ಮೂಡಿದ್ದವು.