ಜಾಸ್ಮಿನ ಮತ್ತು ತೋಳದ ಬಿಲ

ಡಫಳಾಪುರದ ಟೇಲರ್ ಸರದಾರನ ಮಗಳು ಜಾಸ್ಮಿನ ಕೊಲ್ಹಾಪುರದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ವಿಷಯ, ಪರಿಸರ ಮತ್ತು ವನ್ಯಜೀವಿ ಸಂರಕ್ಷಣೆ. ಅದು ಎಂಥ ಓದೆಂದು ಊರವರಿಗೆ ತಿಳಿಸಿ ಹೇಳಿ ಸರದಾರನಿಗೆ ಸಾಕಾಗಿತ್ತು. "ಹುಡುಗಿ ಡಾಕ್ಟರ್ ಆಗತಾಳೇನ್ರಿ?" ಎಂದವರಿಗೆ "ಹ್ಞೂಂ, ಅಂಥಾದ್ದ ಏನೋ" ಎಂದುಬಿಡುತ್ತಿದ್ದ.

ವಿದ್ಯಾಪೀಠದಲ್ಲೂ ಅವಳಿಗೆ ಹತ್ತಿರದವರಿರಲಿಲ್ಲ. ಪ್ರಬಂಧದ ಕೆಲಸ ಶುರುವಾದಾಗ ಸಹಪಾಠಿಗಳೆಲ್ಲ ಕಪ್ಪೆ, ಹಕ್ಕಿ ಹುಡುಕಿಕೊಂಡು ಗುಂಪಾಗಿ ಘಟ್ಟದ ಕಾಡಿಗೆ ಹೋದರು. ಇವಳು ತನ್ನ ತಾಲೂಕಿನ ಒಣ ಮಾಳದ ತೋಳಗಳನ್ನು ಆರಿಸಿಕೊಂಡು ಒಬ್ಬಳೇ ಬಂದಳು.

ಚಳಿಗಾಲವಿಡೀ ಮಾಡಗ್ಯಾಳ ಹಳ್ಳಿಯ ಸುತ್ತ ಅಲೆದಳು. ಮಾತಿಗೆ ಸಿಕ್ಕವರೆಂದರೆ ಕುರಿಗಾರ ಅಮೋಗಸಿದ್ದ ಮತ್ತು ಅವನ ಹೆಂಡತಿ ಶಿವಲಿಂಗವ್ವ. ಬಿಸಿಲೇರಿದಾಗ ಶಿವಲಿಂಗವ್ವ, "ಬಾರವಾ, ಕುಂದರು. ಹಸಗೊಂಡ ಏನ ತ್ವಾಳಾ ನೋಡ್ತಿ?" ಎಂದು ರೊಟ್ಟಿ ಕೈಗಿಡುತ್ತಿದ್ದಳು. ಇಡೀ ದಿನದಲ್ಲಿ ಜಾಸ್ಮಿನ ಬಾಯಿ ಬಿಡುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ.

ಸಂಕ್ರಾಂತಿ ಕಳೆದ ಮೇಲೆ ಹಳ್ಳದ ದಂಡೆಯಲ್ಲಿ ಅವಳಿಗೆ ತೋಳದ ಬಿಲವೊಂದು ಸಿಕ್ಕಿತು. ದುರ್ಬೀನಿನಲ್ಲಿ ನೋಡಿದರೆ ಮರಿಗಳು ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿದ್ದವು. ಖುಷಿಯಲ್ಲಿ ಹಿಂತಿರುಗಿ ನೋಡಿದಳು. ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಅದೇ ವಾರ ತೋಳಗಳು ಅಮೋಗಸಿದ್ದನ ಹಟ್ಟಿಗೆ ನುಗ್ಗಿ ಕುರಿಮರಿಗಳನ್ನು ಹೊತ್ತೊಯ್ದವು. ಬೆಳಿಗ್ಗೆ ಅವನೇ ಇವಳನ್ನು ಹುಡುಕಿಕೊಂಡು ಬಂದ.

"ಬಿಲಾ ಎಲ್ಲಿ ಅದ ನಿನಗ ಗೊತ್ತದ. ಹೌದಿಲ್ಲ?"

ಜಾಸ್ಮಿನಳಿಗೆ ಸುಳ್ಳು ಹೇಳಲಾಗಲಿಲ್ಲ. "ಗೊತ್ತದರಿ ಮಾಮಾ."

"ಹಂಗಾರ ತೋರಸು."

"ತೋರಸಿದ್ರ ಹೊಗಿ ಹಾಕಿ ಕೊಲ್ತೀರಿ. ಒಳಗ ಮರಿ ಅದಾವ್ರಿ. ಬೇಕಾದ್ರ ನಾನೂ ನಿಮ್ಮ ಕೂಡ ಹಟ್ಟಿ ಕಾಯ್ತೀನಿ."

"ನಮ್ಮ ರೊಟ್ಟಿ ತಿಂದು ತ್ವಾಳದ ಕಡೆ ನಿಂತೇನವಾ?" ಎಂದ ಅಮೋಗಸಿದ್ದ. ಅವನ ದನಿ ಏರಿರಲಿಲ್ಲ. ಬೈದಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಮರುದಿನದಿಂದ ಶಿವಲಿಂಗವ್ವ ಕರೆಯಲಿಲ್ಲ. ಉಳಿದ ಕುರಿಗಾರರೂ ಇವಳನ್ನು ಕಂಡರೆ ಹಿಂಡನ್ನು ಬೇರೆ ಕಡೆ ತಿರುಗಿಸುತ್ತಿದ್ದರು. ಬೇಸಿಗೆಗೆ ಮುಂಚೆ ತೋಳಗಳೂ ಮರಿಗಳನ್ನು ಕರೆದುಕೊಂಡು ಎಲ್ಲಿಗೋ ಹೊರಟುಹೋದವು.

ವಿದ್ಯಾಪೀಠದಲ್ಲಿ ಆ ಮರಿಗಳ ಚಿತ್ರ ಪರದೆಯ ಮೇಲೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಿಗೆ ಮೊದಲ ದರ್ಜೆ ಬಂತು. ಪೇಢೆ ಹಂಚಿ, ಹಾಸ್ಟೆಲಿನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು.

ಮಳೆಗಾಲದಲ್ಲಿ ಊರಿಗೆ ಬಂದಾಗ ಅಮೋಗಸಿದ್ದ ಸಂತೆಯಲ್ಲಿ ಎದುರಾದ. ಮುಖ ತಿರುಗಿಸುತ್ತಾನೆಂದುಕೊಂಡಳು. ಆದರೆ ಅವನು ನಿಂತ.

"ಆ ಮರಿ ಉಳದಾವೇನ?"

"ಉಳದಾವ್ರಿ ಮಾಮಾ."

"ನಮ್ಮವು ಉಳೀಲಿಲ್ಲ ನೋಡು," ಎಂದು ನಡೆದುಬಿಟ್ಟ.

ಜಾಸ್ಮಿನ ಈಗ ಪಿಎಚ್‌.ಡಿ. ಮಾಡುತ್ತಿದ್ದಾಳೆ. ತೋಳಗಳನ್ನು ಕೊಲ್ಲದೆ ಕುರಿಹಟ್ಟಿ ಉಳಿಸಿಕೊಳ್ಳುವುದು ಹೇಗೆ ಎಂಬುದು ಅವಳ ವಿಷಯ. ಅದಕ್ಕೆ ಕುರಿಗಾರರು ಒಪ್ಪಬೇಕು. ಮೊದಲು ಯಾರನ್ನು ಕೇಳಬೇಕೆಂಬುದು ಅವಳಿಗೆ ಗೊತ್ತು. ಒಮ್ಮೆ ಧೈರ್ಯ ಮಾಡಿ ಮಾಡಗ್ಯಾಳದ ಬಸ್ಸು ಹತ್ತಿದ್ದಳು. ನಡುದಾರಿಯಲ್ಲಿ ಇಳಿದು, ಅಲ್ಲೇ ಬೇವಿನ ಗಿಡದ ಕೆಳಗೆ ಕೂತು, ತಿರುಗಿ ಬರುವ ಬಸ್ಸಿಗೆ ಕಾಯ್ದಳು.