ಬಿಚ್ಚದೆ ಕಟ್ಟಿದ ಚೀಟಿ

ನಂಜನಗೂಡಿನ ಸುತ್ತಮುತ್ತ ಯಾವ ಕಾರ್ಖಾನೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ನೇತಾಡುತ್ತಿದ್ದರೂ ಅದರ ಕುತ್ತಿಗೆಯ ಚೀಟಿಯಲ್ಲಿ ಶಿವಸ್ವಾಮಿಯ ಸಹಿ ಇರುತ್ತಿತ್ತು. ಹೆಡತಲೆಯ ರೈತರ ಮಗ ಅವನು. ಐಟಿಐ ಮುಗಿಸಿ, ತೊಂಬತ್ತೆರಡರಲ್ಲಿ ನಂಜನಗೂಡಿನಲ್ಲಿ ಒಂದು ಸಣ್ಣ ಮಳಿಗೆ ಹಿಡಿದು ಸಿಲಿಂಡರ್‌ಗಳಿಗೆ ಪುಡಿ ತುಂಬುವ ಕೆಲಸ ಶುರು ಮಾಡಿದ. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ಕೆಲಸ ಬಲ್ಲವನೇ, ಅದರಲ್ಲಿ ಎರಡು ಮಾತಿಲ್ಲ. ಬಲ್ಲೆ ಅನ್ನುವ ಜಂಬವೂ ಅಷ್ಟೇ ಇತ್ತು ಅನ್ನಿ.

ವರ್ಷಕ್ಕೆರಡು ಸಲ ಕಾರ್ಖಾನೆಯ ಅಂಗಳದಲ್ಲಿ ಕೆಲಸಗಾರರನ್ನು ಕೂರಿಸಿ ಪಾಠ ಹೇಳುತ್ತಿದ್ದ. “ನೋಡ್ರಪ್ಪಾ, ಮೊದಲು ಈ ಕ್ಲಿಪ್ ಕೀಳ್ಬೇಕು. ಆಮೇಲೆ ಈ ಗುಬಟಿನ ಮೇಲೆ ಒಂದು ಗುದ್ದು. ಒಳಗಿರೋ ಗ್ಯಾಸಿನ ಬುಡ್ಡಿ ತೂತಾಗ್ತದೆ, ಗ್ಯಾಸು ಪುಡೀನ ಈಚೆ ತಳ್ತದೆ. ಏನೇನು ಮಾಡ್ಬೇಕು?”

“ಕ್ಲಿಪ್ಪು, ಗುದ್ದು ಸಾ!”

ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಚಿಕ್ಕಮಾದು. ನರಸೀಪುರದ ಕಡೆಯವನು. ತಾಂಡವಪುರದ ಹತ್ತಿರದ ಊದಿನಕಡ್ಡಿ ಕಾರ್ಖಾನೆಯಲ್ಲಿ ಸುಗಂಧದ ಎಣ್ಣೆ ಬೆರೆಸುವ ಕೆಲಸ ಅವನದು. ಬೆಂಕಿ ಬಿದ್ದರೆ ಮೊದಲು ಬೀಳುವ ಜಾಗವೇ ಅದು. ಅದಕ್ಕೇ ಅವನು ಪಾಠವನ್ನು ಅಷ್ಟು ಗಮನ ಕೊಟ್ಟು ಕಲಿತಿದ್ದ.

ವಿಮೆ ಏಜೆಂಟ್ ಚನ್ನಯ್ಯ ಒಂದು ಸಲ ಶಿವಸ್ವಾಮಿಯ ಮಳಿಗೆಗೆ ಬಂದು, “ಸ್ವಾಮಿ, ನಿಮ್ಮ ಕೆಲಸಕ್ಕೂ ಒಂದು ಪಾಲಿಸಿ ಮಾಡಿಸ್ಕಳಿ. ನೀವು ತುಂಬಿದ ಸಿಲಿಂಡರ್ ಕೈಕೊಟ್ಟು ಯಾರಿಗಾದ್ರೂ ನಷ್ಟ ಆದ್ರೆ ಹೊಣೆ ನಿಮ್ಮ ತಲೆ ಮೇಲೇ ಬತ್ತದೆ,” ಅಂದಿದ್ದ. ಶಿವಸ್ವಾಮಿ ನಕ್ಕುಬಿಟ್ಟ. “ನನ್ನ ಸಿಲಿಂಡರ್ ಕೈಕೊಡ್ತದಾ? ಓಗಯ್ಯಾ ಓಗು, ಬೇರೆ ಮನೆ ನೋಡು.”

ತೊಂಬತ್ತೇಳರ ಆಯುಧಪೂಜೆ ಬಂತು. ನಮ್ಮ ಕಡೆ ಆಯುಧಪೂಜೆ ಅಂದರೆ ಗೊತ್ತಲ್ಲ, ಸ್ಕ್ರೂಡ್ರೈವರಿನಿಂದ ಲಾರಿಯವರೆಗೆ ಎಲ್ಲದಕ್ಕೂ ಸ್ನಾನ. ಊದಿನಕಡ್ಡಿ ಕಾರ್ಖಾನೆಯ ಹುಡುಗಿಯರು ಪೈಪು ಹಿಡಿದು ಕೆಂಪು ಸಿಲಿಂಡರ್‌ಗಳಿಗೂ ನೀರು ಬಿಟ್ಟು, ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದರು. ವಿಭೂತಿಯ ಮೂರು ಗೆರೆ ಎಳೆದು, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿದರು. ಶಿವಸ್ವಾಮಿ ವರ್ಷದ ತಪಾಸಣೆಗೆಂದು ಮಧ್ಯಾಹ್ನ ಬಂದಾಗ ಸಾಲಾಗಿ ನಿಂತ ಸಿಲಿಂಡರ್‌ಗಳು ಮದುವೆಗೆ ಹೊರಟ ಹಾಗಿದ್ದವು.

ಎಣ್ಣೆ ಕೋಣೆಯ ಸಿಲಿಂಡರಿನ ಮೂತಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಅದನ್ನು ಕಣ್ಣಾರೆ ಕಂಡ. ಒಳಗಿನ ಪುಡಿಗೆ ನೀರು ಸೋಕಿದರೆ ಸುಣ್ಣದ ಹಾಗೆ ಗಟ್ಟಿಯಾಗುತ್ತದೆ ಅನ್ನುವುದು ಅವನಿಗೆ ಗೊತ್ತಿಲ್ಲದ್ದೇನೂ ಅಲ್ಲ. ಬಿಚ್ಚಲು ಕೈ ಹಾಕಿದ. ಅಷ್ಟರಲ್ಲಿ ಮಾಲೀಕ ನಂಜೇಶ್ ಅಂದರು: “ಪೂಜೆ ಆಗಿರೋ ಆಯುಧ ಕಣ್ರೀ ಅದು, ಇವತ್ತು ಬಿಚ್ಚಬಾರದು. ಚೀಟಿ ಕಟ್ಬುಟ್ಟು ಪ್ರಸಾದ ತಗೊಂಡು ಓಗಿ.”

ನಾಳೆ ಬಂದು ನೋಡಿದರಾಯಿತು ಅಂದುಕೊಂಡು ಶಿವಸ್ವಾಮಿ ‘ಪರೀಕ್ಷಿಸಲಾಗಿದೆ’ ಅನ್ನುವ ಚೀಟಿಗೆ ಸಹಿ ಹಾಕಿ ಕಟ್ಟಿದ. ಪುರಿ ಕಡಲೆ ಪೊಟ್ಟಣ ತೆಗೆದುಕೊಂಡು ಹೊರಟ. ನಾಳೆ ಹೋಗಲಿಲ್ಲ, ನಾಡಿದ್ದೂ ಹೋಗಲಿಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ!

ದೀಪಾವಳಿ ಕಳೆದು ಎರಡು ವಾರಕ್ಕೆ ಎಣ್ಣೆ ಕೋಣೆಗೆ ಬೆಂಕಿ ಬಿತ್ತು. ಚಿಕ್ಕಮಾದು ಓಡಿಹೋಗಿ ಸಿಲಿಂಡರ್ ಇಳಿಸಿದ. ಹೊಗೆಯಲ್ಲಿ ಅವನೊಬ್ಬನೇ ಇದ್ದ, ಏನು ಮಾಡಿದನೆಂದು ಕಂಡವರಿಲ್ಲ. ಪುಡಿ ಮಾತ್ರ ಬರಲಿಲ್ಲ. ಅವನು ಅದನ್ನು ಬಿಸಾಡಿ ಒದ್ದೆ ಗೋಣಿಚೀಲದಿಂದ ಬೆಂಕಿಯನ್ನು ಬಡಿಯುತ್ತ ನಿಂತ. ಪಕ್ಕದ ಕೋಣೆಯ ಹೆಂಗಸರೆಲ್ಲ ಕ್ಷೇಮವಾಗಿ ಹೊರಗೆ ಬಂದರು. ಚಿಕ್ಕಮಾದುವಿನ ಎರಡೂ ಕೈ ಮೊಣಕೈವರೆಗೆ ಬೆಂದುಹೋದವು.

ಮಾರನೆಯ ದಿನ ಬೆಳಿಗ್ಗೆ ನಂಜೇಶ್ ಶಿವಸ್ವಾಮಿಯನ್ನು ಕರೆಸಿಕೊಂಡರು. ವಿಮೆ ಕಂಪನಿಯ ಸರ್ವೇಯರ್ ಬರಲು ಇನ್ನೆರಡು ಗಂಟೆ ಇತ್ತು. ಶಿವಸ್ವಾಮಿ ಬಾಗಿಲು ಹಾಕಿಕೊಂಡು ಸಿಲಿಂಡರ್ ಬಿಚ್ಚಿದ. ಒಳಗೆ ಪುಡಿಯಲ್ಲ, ಗಾರೆ. ಗ್ಯಾಸಿನ ಬುಡ್ಡಿಯನ್ನು ಈಚೆ ತೆಗೆದು ನೋಡಿದ. ಅದರ ಬಾಯಿಯ ತಗಡಿನಲ್ಲಿ ನೆಟ್ಟಗೆ ಒಂದು ತೂತು. ಅಂದರೆ ಚಿಕ್ಕಮಾದು ಕ್ಲಿಪ್ ಕಿತ್ತಿದ್ದ, ಗುದ್ದಿದ್ದ. ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದ್ದ.

“ಸಿಲಿಂಡರ್ ಕೆಟ್ಟಿತ್ತು ಅಂದ್ರೆ ನನಗೆ ಕ್ಲೇಮ್ ಸಿಗಾಕಿಲ್ಲ, ನಿಮಗೆ ನಾಳೆಯಿಂದ ಕೆಲಸ ಸಿಗಾಕಿಲ್ಲ,” ಅಂದರು ನಂಜೇಶ್. “ಏನ್ಮಾಡ್ತೀರೋ ಮಾಡಿ.”

ಶಿವಸ್ವಾಮಿ ಮಾಡಿದ. ಗಾರೆಯನ್ನು ಕೆರೆದು ತೆಗೆದು ಹೊಸ ಪುಡಿ ಸುರಿದ. ತೂತಾಗದ ಹೊಸ ಬುಡ್ಡಿ ಕೂರಿಸಿದ. ಗುಬಟನ್ನು ಮೇಲೆತ್ತಿ ಕ್ಲಿಪ್ ಸಿಕ್ಕಿಸಿದ. ತೂತಾದ ಬುಡ್ಡಿಯನ್ನು ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡ. ಕೆಲಸ ಅಚ್ಚುಕಟ್ಟಾಗಿಯೇ ಆಯಿತು. ಆ ಅಚ್ಚುಕಟ್ಟು ನೆನೆದರೆ ಮುಂದೆ ಅವನಿಗೆ ತನ್ನ ಕೈಗಳ ಮೇಲೇ ಹೇಸಿಗೆಯಾಗುತ್ತಿತ್ತು.

ಸರ್ವೇಯರ್ ಗೋವಿಂದಯ್ಯ ಒಳ್ಳೆಯ ಮನುಷ್ಯರು. ಕೆಲಸಗಾರರೆಲ್ಲರ ಎದುರಿಗೇ ಕೇಳಿದರು: “ಸಿಲಿಂಡರ್ ಸರಿಯಾಗಿದೆಯಲ್ಲ, ಮತ್ತೆ ಯಾಕೆ ಕೆಲಸ ಮಾಡಲಿಲ್ಲ?”

ಶಿವಸ್ವಾಮಿ ನೆಲ ನೋಡಿಕೊಂಡು, “ಗಾಬರೀಲಿ ಕ್ಲಿಪ್ ಕೀಳೋದ ಮರೆತವ್ನೆ ಅನ್ಸುತ್ತೆ ಸಾರ್. ಎಷ್ಟ್ ಹೇಳ್ಕೊಟ್ರೂ ಅಷ್ಟೇ, ಇವರಿಗೆ ತಲೆಗೆ ಹತ್ತಾಕಿಲ್ಲ,” ಅಂದ.

ಇವರಿಗೆ! ಯಾರಿಗೆ ಅಂತ ಯಾರೂ ಕೇಳಲಿಲ್ಲ. ಚಿಕ್ಕಮಾದು ಯಾವ ಕೇರಿಯವನು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಆ ಒಂದು ಮಾತಿಗೆ ಸುಳ್ಳು ಸಲೀಸಾಗಿ ನಿಂತಿತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ನಂಜೇಶ್ ಧರ್ಮ ಮಾಡಿದವರ ಹಾಗೆ ಆಸ್ಪತ್ರೆಯ ಖರ್ಚು ಕೊಟ್ಟು, ಬೇಜವಾಬ್ದಾರಿ ಎಂದು ಬರೆದು ಚಿಕ್ಕಮಾದುವನ್ನು ಕೆಲಸದಿಂದ ತೆಗೆದರು.

ಹೀಗಾದ ಮೇಲಾದರೂ ಚಿಕ್ಕಮಾದು ಬಂದು ಬೈದಿದ್ದರೆ ಶಿವಸ್ವಾಮಿ ಬದುಕಿಕೊಳ್ಳುತ್ತಿದ್ದ. ಅವನು ಬಂದದ್ದು ಕ್ಷಮೆ ಕೇಳಲು. ಎರಡು ತಿಂಗಳ ಮೇಲೆ, ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ಮಳಿಗೆಯ ಹೊಸ್ತಿಲಾಚೆ ನಿಂತ.

“ಕ್ಲಿಪ್ ಕಿತ್ತಂಗೇ ನೆಪ್ಪು ಸಾ ನಂಗೆ. ಎಲ್ರೂ ಇಲ್ಲ ಅಂತಾರೆ. ಓಗ್ಲಿ ಬುಡಿ, ಹೊಗೇಲಿ ಏನ್ ಮಾಡುದ್ನೋ ಏನೋ. ಅಷ್ಟು ಚೆನ್ನಾಗಿ ಹೇಳ್ಕೊಟ್ಟಿದ್ರಿ, ನಿಮ್ಮೆಸ್ರು ಕೆಡುಸ್ಬುಟ್ಟೆ. ತಪ್ಪಾಯ್ತು ಸಾ.”

ಶಿವಸ್ವಾಮಿ ಅವನನ್ನು ಕೂರು ಅನ್ನಲಿಲ್ಲ. ಬುಡ್ಡಿ ಅವನ ಹಿಂದಿನ ಬೀರುವಿನಲ್ಲೇ ಇತ್ತು.

ಅದು ಎಂಟು ವರ್ಷ ಅಲ್ಲೇ ಇತ್ತು. ಒಮ್ಮೆ ಕಪಿಲಾ ಹೊಳೆಗೆ ಎಸೆಯಲು ಸೋಪಾನಕಟ್ಟೆಯವರೆಗೂ ಹೋಗಿ, ಎಸೆಯಲಾಗದೆ ವಾಪಸು ತಂದಿದ್ದ. ಅಂಗಡಿಯ ಹೆಸರು ಬೆಳೆಯಿತು, ಸ್ಕೂಟರ್ ಬಂತು. ಪಾಠ ಮಾತ್ರ ಹಿಂಸೆಯಾಯಿತು. ಜನ ‘ಕ್ಲಿಪ್ಪು, ಗುದ್ದು’ ಅಂದಾಗಲೆಲ್ಲ ಅವನಿಗೆ ಕಿವಿ ಬಿಸಿಯಾಗುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಹೊಸಬರಿಗೆ ಹಳಬರು ಉದಾಹರಣೆ ಕೊಡುತ್ತಿದ್ದರು: “ಚಿಕ್ಕಮಾದು ತರ ಮಾಡ್ಬೇಡ ಕಣ್ಲಾ.” ಶಿವಸ್ವಾಮಿಯ ಎದುರಿಗೇ ಅನ್ನುತ್ತಿದ್ದರು. ಅವನು ಪಾಠ ಮುಂದುವರಿಸುತ್ತಿದ್ದ.

ಎರಡು ಸಾವಿರದ ಐದರಲ್ಲಿ ಮೈಸೂರಿನಲ್ಲಿ ಇವನಂಥ ಕೆಲಸದವರಿಗೆಲ್ಲ ಒಂದು ದಿನದ ತರಬೇತಿ ನಡೆಯಿತು. ಹೊಣೆಗಾರಿಕೆ ವಿಮೆಯ ಬಗ್ಗೆ ಒಬ್ಬರು ಮೇಷ್ಟ್ರು ಮಾತಾಡಿದರು. ಮನುಷ್ಯ ಅಂದ ಮೇಲೆ ತಪ್ಪಾಗುತ್ತದೆ, ನಿಮ್ಮ ಕೆಲಸದ ತಪ್ಪಿನಿಂದ ಇನ್ನೊಬ್ಬರಿಗೆ ಪೆಟ್ಟಾದರೆ ವಿಮೆ ಆ ನಷ್ಟ ಕಟ್ಟಿಕೊಡುತ್ತದೆ, ಆದರೆ ಆದ ತಪ್ಪನ್ನು ಬಚ್ಚಿಟ್ಟು ಸುಳ್ಳು ಹೇಳಿದರೆ ಯಾವ ಪಾಲಿಸಿಯೂ ಕಾಯುವುದಿಲ್ಲ, ಅಂದರು. ನೂರು ಜನರ ನಡುವೆ ಕೂತಿದ್ದ ಶಿವಸ್ವಾಮಿ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡ. ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಹೊರಟುಬಂದ.

ಮಾರನೆಯ ದಿನ ಬುಡ್ಡಿ ತೆಗೆದುಕೊಂಡು ನರಸೀಪುರದ ಬಸ್ಸು ಹತ್ತಿದ. ಚಿಕ್ಕಮಾದು ಅಲ್ಲಿನ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಮಾರುತ್ತಿದ್ದ. ಮುರುಟಿದ ಬೆರಳುಗಳಲ್ಲಿ ಪೊಟ್ಟಣ ಕಟ್ಟಲು ಬರುತ್ತಿರಲಿಲ್ಲ. ಮಗಳು ಕವನ ಕಟ್ಟಿಕೊಡುತ್ತಿದ್ದಳು. ಶಿವಸ್ವಾಮಿಯನ್ನು ಕಂಡು ಚಿಕ್ಕಮಾದು ಎದ್ದು ನಿಂತ.

“ಕೂತ್ಕಳಪ್ಪಾ,” ಅಂದು ಶಿವಸ್ವಾಮಿ ಬುಡ್ಡಿಯನ್ನು ಅವನ ಮುಂದೆ ಇಟ್ಟ. “ಇದು ಅವತ್ತಿಂದು. ನೀನು ಕ್ಲಿಪ್ ಕಿತ್ತಿದ್ದೆ. ಗುದ್ದಿಯೂ ಇದ್ದೆ. ನಾನು ಬಿಚ್ಚಿ ನೋಡದೆ ಚೀಟಿ ಕಟ್ಟಿದ್ದೆ, ಪುಡಿ ಗಾರೆ ಆಗಿತ್ತು. ಆಮೇಲೆ ಬದಲಾಯಿಸ್ದೆ. ಸುಳ್ಳು ಹೇಳ್ದೆ.”

ಚಿಕ್ಕಮಾದು ತೂತನ್ನೇ ನೋಡಿದ. ಬೆರಳಿಗೆ ಸ್ಪರ್ಶ ತಿಳಿಯದೆ, ಬುಡ್ಡಿಯನ್ನು ತುಟಿಗೆ ಒತ್ತಿ ನೋಡಿದ. ಆಮೇಲೆ ಕೇಳಿದ: “ಅಂಗಾರೆ ನಂಗೆ ನೆಪ್ಪಿದ್ದದ್ದು ನಿಜವಾ ಸಾ?”

“ನಿಜ.”

“ನನ್ನೆಂಡ್ತಿ ಸಾಯೋಗಂಟ ಬೈತಿದ್ಲು, ಒಂದು ಕ್ಲಿಪ್ ಕೀಳಾಕೆ ಆಗ್ನಿಲ್ವಾ ನಿಂಗೆ ಅಂತ. ನಾನೂ ಊಂ ಅಂತಿದ್ದೆ.”

ಶಿವಸ್ವಾಮಿ ಕಾಲು ಹಿಡಿಯಲು ಬಗ್ಗಿದ. ಚಿಕ್ಕಮಾದು ಕಾಲು ಹಿಂದಕ್ಕೆಳೆದುಕೊಂಡ. “ಬ್ಯಾಡ. ಇಲ್ಲಿ ಕಾಲು ಇಡ್ಕಂಡ್ರೆ ಯಾರ್ಗೆ ಗೊತ್ತಾದದು? ಅವತ್ತು ಎಲ್ರು ಮುಂದೆ ಯೋಳಿದ್ರಿ. ಅಲ್ಲೇ ಬಂದು ಯೋಳಿ. ಇವಳೂ ಕೇಳ್ಲಿ.”

ಮುಂದಿನ ಶನಿವಾರ ಊದಿನಕಡ್ಡಿ ಕಾರ್ಖಾನೆಯಲ್ಲಿ ಪಾಠ ಇತ್ತು. ಅಂಗಳದಲ್ಲಿ ನಲವತ್ತು ಜನ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನಂಜೇಶ್. ತಗಡಿನ ತಟ್ಟೆಯಲ್ಲಿ ಸೀಮೆಎಣ್ಣೆ ಬೆಂಕಿ ಹಚ್ಚುವ ಮುಂಚೆ ಶಿವಸ್ವಾಮಿ ಎಲ್ಲವನ್ನೂ ಹೇಳಿದ. ನೀರು ತೊಟ್ಟಿಕ್ಕಿದ್ದು, ಚೀಟಿ, ಗಾರೆ, ಹೊಸ ಬುಡ್ಡಿ, ‘ಇವರಿಗೆ’ ಅಂದ ಮಾತು, ಒಂದನ್ನೂ ಬಿಡಲಿಲ್ಲ. ನಂಜೇಶ್ “ಏಯ್, ಸಾಕು ನಿಲ್ಸಯ್ಯಾ!” ಎಂದು ಕೂಗಿ ಎದ್ದರು. ಹಳಬರು ತಲೆ ತಗ್ಗಿಸಿದರು. ಇನ್ನು ಈ ಸೀಮೆಯಲ್ಲಿ ತನ್ನ ಸಹಿಗೆ ಮೂರು ಕಾಸಿನ ಬೆಲೆಯಿಲ್ಲ ಅನ್ನುವುದು ಶಿವಸ್ವಾಮಿಗೆ ಗೊತ್ತಾಯಿತು.

ಆಗ ಹಿಂದೆ ಮಗಳ ಜೊತೆ ಕೂತಿದ್ದ ಚಿಕ್ಕಮಾದು ಎದ್ದು ಮುಂದೆ ಬಂದ. “ಬೆಂಕಿ ಅಚ್ಚಿ,” ಅಂದ.

ಶಿವಸ್ವಾಮಿ ಹಚ್ಚಿದ. ಚಿಕ್ಕಮಾದು ಮುರುಟಿದ ಬೆರಳನ್ನು ಸಿಲಿಂಡರಿನ ಕ್ಲಿಪ್ಪಿಗೆ ಸಿಕ್ಕಿಸಿ ಎಳೆದ. ಒಂದು ಸಲಕ್ಕೆ ಬರಲಿಲ್ಲ. ಶಿವಸ್ವಾಮಿ ಕೈ ಚಾಚಿದಾಗ ಮೊಣಕೈಯಿಂದ ತಳ್ಳಿ, ಹಲ್ಲಿನಿಂದ ಕಚ್ಚಿ ಕಿತ್ತ. ಅಂಗೈಯಿಂದ ಗುದ್ದಿದ. ಬಿಳಿ ಪುಡಿ ಭುಸ್ಸೆಂದು ನುಗ್ಗಿ ಬೆಂಕಿ ಒಂದೇ ಉಸಿರಿಗೆ ಆರಿತು. ಆರಿದ ಮೇಲೂ ಅವನು ಬಿಡಲಿಲ್ಲ, ಸಿಲಿಂಡರ್ ಖಾಲಿಯಾಗುವವರೆಗೂ ಹಿಡಿದುಕೊಂಡೇ ನಿಂತ.

ಆಮೇಲೆ ಮಗಳ ಕಡೆ ತಿರುಗಿ, “ಅವತ್ತೂ ಇಂಗೇ ಮಾಡಿದ್ದೆ ಕಣವ್ವ,” ಅಂದ.