ಒದ್ದೆ ಬಾಟಲಿ

ವಿರೂಪಾಕ್ಷಿಪುರದ ಹತ್ತಿರ ನನ್ನ ಗಂಡನ ಮನೆಯವರಿಗೆ ಮಾವಿನ ತೋಟವಿದೆ. ಗಾಳಿಗೆ ಉದುರಿ ಪೆಟ್ಟಾದ ಹಣ್ಣನ್ನು ಮಂಡಿಯವರು ಕೊಳ್ಳುವುದಿಲ್ಲ. ಅದನ್ನೆಲ್ಲ ನಮ್ಮತ್ತೆ ಜಾಮ್ ಮಾಡಿಸುತ್ತಿದ್ದರು. ಎಂದೋ ಚನ್ನಪಟ್ಟಣದಲ್ಲಿ ಒಂದು ವಾರದ ತರಬೇತಿಗೆ ಹೋಗಿ ಕಲಿತು ಬಂದಿದ್ದರಂತೆ. ಅವರು ತುಂಬಿಟ್ಟ ಬಾಟಲಿ ಮುಂದಿನ ಯುಗಾದಿಯವರೆಗೂ ಕೆಡುವುದಿಲ್ಲ ಎಂದು ನೆಂಟರೆಲ್ಲ ಹೇಳುತ್ತಿದ್ದರು. ಅತ್ತೆಗೆ ಆ ಮಾತೆಂದರೆ ಪ್ರಾಣ.

ಕೆಡದೆ ಇರುವುದರಲ್ಲಿ ಮಂತ್ರವೇನಿರಲಿಲ್ಲ. ಗಾಜಿನ ಬಾಟಲಿಗಳನ್ನು ನೀರಿನಲ್ಲಿ ಕುದಿಸಿ, ತಾರಸಿಯ ಮೇಲೆ ಬಿಳಿ ಪಂಚೆ ಹಾಸಿ, ಒಂದು ದಿನ ಪೂರ್ತಿ ಬಿಸಿಲಿನಲ್ಲಿ ಒಣಗಿಸಬೇಕು. ಜಾಮ್ ಬಿಸಿಯಿರುವಾಗಲೇ ಬೆಚ್ಚಗಿನ ಬಾಟಲಿಗೆ ತುಂಬಿ ಮುಚ್ಚಬೇಕು. ತೆಗೆಯುವ ಚಮಚ ಒಣಗಿರಬೇಕು. ಒಂದು ತೊಟ್ಟು ನೀರು ಉಳಿದರೂ ಬೂಷ್ಟು ಬರುತ್ತದೆ. ಇಷ್ಟೇ.

ಆ ಮನೆಗೆ ನಾನು ಕಿರಿಯ ಸೊಸೆ. ಹಿರಿಯ ಸೊಸೆಯನ್ನು ಅಕ್ಕ ಎನ್ನುತ್ತಿದ್ದೆ. ಅಕ್ಕ ಕುದೂರಿನ ಕಡೆಯವಳು. ತಂದೆ ತಾಯಿ ಇಲ್ಲದೆ ಸೋದರಮಾವನ ಮನೆಯಲ್ಲಿ ಬೆಳೆದವಳು. ಮದುವೆ ಮಾಡಿಕೊಟ್ಟ ಮೇಲೆ ಆ ಮಾವ ಈ ಕಡೆ ತಲೆ ಹಾಕಿರಲಿಲ್ಲ. ನನ್ನ ಅಪ್ಪನಾದರೋ ತಿಂಗಳಿಗೊಮ್ಮೆ ಕನಕಪುರದಿಂದ ಬೈಕಿನಲ್ಲಿ ಬಂದು, ಹಜಾರದ ಕುರ್ಚಿಯಲ್ಲಿ ಕೂತು, 'ನಮ್ಮ ಹುಡುಗಿ ಹೆಂಗವ್ಳೆ?' ಎಂದು ಅತ್ತೆಯನ್ನೇ ಕೇಳುತ್ತಿದ್ದರು.

ನನ್ನ ಮದುವೆಯಾದ ಎರಡನೆಯ ವರ್ಷ ಬಾಟಲಿಯ ಕೆಲಸ ನನ್ನ ಪಾಲಿಗೆ ಬಂತು. ಹಿಂದಿನ ದಿನವೆಲ್ಲ ಫೋನಿನಲ್ಲಿ ಗೆಳತಿಯ ಜೊತೆ ಮಾತಾಡುತ್ತ ಕಳೆದಿದ್ದೆ. ಬೆಳಿಗ್ಗೆ ಎಣಿಸಿದರೆ ಎಂಟು ಬಾಟಲಿ ಕಮ್ಮಿ. ಅಟ್ಟದಿಂದ ಇಳಿಸಿ ತೊಳೆದೆ. ಅವತ್ತು ಮೋಡ. ಸೆರಗಿನಿಂದ ಒರೆಸಿ ಒಣಗಿದವುಗಳ ಜೊತೆ ಸೇರಿಸಿಟ್ಟೆ.

'ಎಲ್ಲಾ ಒಣಗವಾ?' ಅತ್ತೆ ಒಲೆಯ ಮುಂದಿನಿಂದ ಕೇಳಿದರು.

'ಒಣಗವೆ ಅತ್ತೆ,' ಎಂದೆ.

ಅಕ್ಕ ಹಿತ್ತಲಿನಲ್ಲಿ ಹಣ್ಣು ಹೆಚ್ಚುತ್ತಿದ್ದಳು. ಬಾಟಲಿಯ ಹತ್ತಿರ ಬಂದಿರಲೇ ಇಲ್ಲ.

ಗೌರಿ ಹಬ್ಬಕ್ಕೆ ನಾದಿನಿ ಅವಳ ಅತ್ತೆ ಮಾವನನ್ನು ಕರೆದುಕೊಂಡು ಬಂದಳು. ಚಪಾತಿ ಜೊತೆ ಹಾಕಲು ಅತ್ತೆ ಹಜಾರದಲ್ಲಿ ಬೀಗಿತ್ತಿಯ ಎದುರಿಗೇ ಬಾಟಲಿ ತೆರೆದರು. ಮೇಲೆ ಹಸಿರು ಬೂಷ್ಟು ದಪ್ಪಗೆ ಕೂತಿತ್ತು. ಇನ್ನೊಂದು ತೆರೆದರು, ಅದರಲ್ಲೂ ಇತ್ತು. ಬೀಗಿತ್ತಿ ಮೂಗಿಗೆ ಸೆರಗು ಹಿಡಿದು, 'ಬುಡಿ, ಆಯ್ತದೆ,' ಎಂದು ನಕ್ಕರು.

ಆ ನಗು ಕಂಡು ಅತ್ತೆಯ ಮುಖ ಕಪ್ಪಿಟ್ಟಿತು. ಅಡುಗೆಮನೆಯ ಬಾಗಿಲಲ್ಲಿ ನಾನೂ ಅಕ್ಕನೂ ನಿಂತಿದ್ದೆವು. ಅವರ ಕಣ್ಣು ಮೊದಲು ನನ್ನ ಮೇಲೆ ನಿಂತಿತು. ಆಮೇಲೆ ಅಕ್ಕನ ಕಡೆ ತಿರುಗಿತು.

'ಬಾ ಇಲ್ಲಿ. ಅವತ್ತು ಹೊರಗಾಗಿದ್ದೆ ಅಲ್ವಾ ನೀನು? ಮುಚ್ಚಿಟ್ಕೊಂಡು ಮುಟ್ಬುಟ್ಟಿದ್ದೀಯ.'

'ಇಲ್ಲ ಅತ್ತೆ. ನಾನು ಬಾಟ್ಲಿ ಮುಟ್ನೇ ಇಲ್ಲ,' ಎಂದಳು ಅಕ್ಕ.

'ಮುಟ್ಟಿಲ್ದೆ ಇದ್ರೆ ಕೆಡ್ತಿತ್ತಾ? ಕೈ ಚಾಚು.'

ಅಕ್ಕ ಕೈ ಚಾಚಿದಳು. ಅತ್ತೆ ಬೂಷ್ಟಿನ ಸಮೇತ ಒಂದು ಚಮಚ ಅವಳ ಅಂಗೈಗೆ ಹಾಕಿ, 'ತಿನ್ನು,' ಎಂದರು. ಬೀಗರು, ನಾದಿನಿ, ಅವಳ ಇಬ್ಬರು ಮಕ್ಕಳು, ಅಕ್ಕನ ಗಂಡ ಭಾವ, ನನ್ನ ಗಂಡ ಎಲ್ಲರೂ ನೋಡುತ್ತಿದ್ದರು. ಭಾವ ಎದ್ದು ಅಂಗಳಕ್ಕೆ ಹೋದರು. ಅಕ್ಕ ನನ್ನನ್ನು ನೋಡಲಿಲ್ಲ. ನೋಡಿದ್ದರೆ ಹೇಳುತ್ತಿದ್ದೆನೋ ಏನೋ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಬಾಯಿ ಬಿಡುವ ಮನಸ್ಸೇ ನನಗಿರಲಿಲ್ಲ. ನನ್ನ ಪಾಲಿಗೆ ಬರಲಿಲ್ಲವಲ್ಲ ಎಂದು ಒಳಗೊಳಗೇ ಹಗುರಾಗಿದ್ದೆ.

ಅಕ್ಕ ತಿಂದಳು. ಹಿತ್ತಲಿಗೆ ಹೋಗಿ ವಾಂತಿ ಮಾಡಿ, ಬಾಯಿ ತೊಳೆದು ಬಂದು ಎಲ್ಲರಿಗೂ ಚಪಾತಿ ಬಡಿಸಿದಳು. ಅಂದಿನಿಂದ ಜಾಮ್ ಮಾಡುವ ದಿನ ಅವಳು ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ನೆಂಟರ ಮನೆಗಳಲ್ಲೂ ಉಪ್ಪಿನಕಾಯಿ ಜಾಡಿಯ ಹತ್ತಿರ ಅವಳನ್ನು ಬಿಡುತ್ತಿರಲಿಲ್ಲ. 'ಅವ್ಳ ಕೈ ತಾಗಿದ್ರೆ ಕೆಡ್ತದೆ' ಎಂದು ಅವಳ ಕಿವಿಗೆ ಬೀಳುವಂತೆಯೇ ಆಡಿಕೊಳ್ಳುತ್ತಿದ್ದರು.

ಮೂರು ವರ್ಷದ ಹಿಂದೆ ಅತ್ತೆ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಜಾಮ್ ಮಾಡುವ ಕೆಲಸ ನನ್ನ ಕೈಗೆ ಬಂತು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತ ನಾನು ನಡೆದದ್ದನ್ನು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಗಂಜಿ ನುಂಗಿ ಬಾಯಿ ಒರೆಸಿಕೊಂಡರು.

'ನಂಗೊತ್ತಿಲ್ವಾ? ನೀನು ಒರೆಸಿದ್ದು ಕಿಟಕೀಲಿ ಕಾಣ್ತಿತ್ತು. ಒಸಿ ತೇವ ಇದ್ರೆ ಜಾಮ್ ಬಿಸಿಗೆ ಆರ್ತದೆ ಅನ್ಕೊಂಡೆ.'

'ಮತ್ತೆ ಅಕ್ಕನ್ನ ಯಾಕೆ ಅಂದ್ರಿ?'

'ನಿನ್ನ ಅಂದಿದ್ರೆ ನಿಮ್ಮಪ್ಪ ಬಂದು ಕೂರೋನು. ಅವ್ಳಿಗೆ ಯಾರವ್ರೆ?' ಎಂದು ಮತ್ತೆ ಬಾಯಿ ತೆರೆದರು. ನಾನು ಉಳಿದ ಗಂಜಿಯನ್ನೂ ಕುಡಿಸಿದೆ.

ಆ ಹೊತ್ತಿಗೆ ಅಕ್ಕ, ಭಾವ ಬೇರೆಯಾಗಿ ರಾಮನಗರದಲ್ಲಿ ಬಾಡಿಗೆ ಮನೆ ಮಾಡಿದ್ದರು. ಮರುವಾರವೇ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ, ಅತ್ತೆಯ ಮಾತನ್ನೂ ಸೇರಿಸಿ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಿದಳು. ಅಳಲಿಲ್ಲ.

'ನಂಗೆ ಯೋಳಿ ಏನ್ ಬಂತು? ನಾನು ಮಾಡಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತಲ್ಲ. ಅವತ್ತು ಅಲ್ಲಿ ಕೂತಿದ್ರಲ್ಲ, ಅವ್ರಿಗೆ ಯೋಳು.'

'ಯೋಳ್ತೀನಿ ಅಕ್ಕ.'

'ನೋಡ್ತೀನಿ,' ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದಳು. ಕಾಫಿ ಕುಡಿ ಎನ್ನಲಿಲ್ಲ.

ಬಸ್ಸಿಳಿದು ಮನೆಗೆ ಬಂದವಳೇ ಧೈರ್ಯ ಮಾಡಿ ನಾದಿನಿಗೆ ಫೋನ್ ಮಾಡಿದೆ. ಕೇಳಿಸಿಕೊಂಡು ಅವಳು ನಕ್ಕಳು. 'ಯಾವ ಕಾಲದ್ದು ತೆಗೀತಿದ್ದೀಯ ಬುಡು. ಅವ್ಳೂ ಮರೆತಿರ್ತಾಳೆ. ಈ ಸಲ ನಮಗೆ ಎಷ್ಟು ಬಾಟ್ಲಿ ಕಳಿಸ್ತೀಯ?'

ಆರು ಎಂದೆ. ಉಳಿದವರಿಗೆ ಇನ್ನೂ ಹೇಳಿಲ್ಲ.